ನಿಂಗಕ್ಕನ ತೋಟದ ಪಟ್ಟೆ ಗಿಡ

ಕೆರೆಯಿಂದ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ಹೊಂಗೆ ಮರ. ಅದರ ಬುಡದಲ್ಲಿ ನಿಂಗಕ್ಕ ಅನ್ನೋ ಆಮೆ ತೋಟ ಮಾಡಿಕೊಂಡಿದ್ದಳು.

ನೆರಳಲ್ಲಿ ಏನು ಬೆಳೆಯುತ್ತೆ ಅಂತ ನೀವು ಕೇಳಬಹುದು, ಮಕ್ಕಳೇ. ಕಾಡಿನವರೂ ಹಾಗೇ ಕೇಳಿದ್ದರು. ಆದರೆ ಚೈತ್ರ ಬಂತು ಅಂದರೆ ಅಲ್ಲಿ ನೆಲಸಂಪಿಗೆ ಎಲೆಗೂ ಕಾಯದೆ ಮಣ್ಣಿಂದ ನೇರ ಹೂ ಬಿಡೋದು. ಸುತ್ತ ಜರಿಗಿಡ. ನಡುನಡುವೆ ಕೆಂಪು ಚುಕ್ಕೆಯ ಬಣ್ಣದ ಕೆಸು.

ನಿಂಗಕ್ಕ ನೀರು ಹಾಕೋದನ್ನ ನೋಡಬೇಕು. ಬೆಳಿಗ್ಗೆ ಕರಟದ ತುಂಬ ನೀರು ತುಂಬಿ, ಬೆನ್ನ ಮೇಲೆ ಇಟ್ಟುಕೊಂಡು ಕೆರೆಯಿಂದ ಹೊರಟರೆ ತೋಟ ಸೇರೋ ಹೊತ್ತಿಗೆ ಮಧ್ಯಾಹ್ನ. ಅರ್ಧ ನೀರು ದಾರಿಯಲ್ಲೇ ಚೆಲ್ಲಿರೋದು. ನೆರಳಿನ ಗಿಡಗಳಿಗೆ ಬೇಕಾಗಿದ್ದೂ ಅರ್ಧವೇ.

ಯಾರು ಕೇಳಿದರೂ ಒಂದು ಗಡ್ಡೆ, ಒಂದು ಬೇರು ಕೊಡೋಳು. ಕಷ್ಟ ಅಂದರೆ ಒಂದೇ. "ಕೂತ್ಕೋ, ಹೇಗೆ ನೆಡೋದು ಹೇಳ್ತೀನಿ" ಅನ್ನೋಳು. ಅವಳ ಮಾತೂ ಅವಳ ನಡಿಗೆ ಹಾಗೇ. "ಮೊದಲು ಮಣ್ಣು" ಅಂತ ಶುರು ಮಾಡಿ ಮುಂದಿನ ಮಾತು ಬರೋಷ್ಟರಲ್ಲಿ ಕೇಳೋರಿಗೆ ಎರಡು ಆಕಳಿಕೆ ಆಗಿರೋದು.

ಪಕ್ಕದ ಬಯಲಲ್ಲಿ ಬೊಡ್ಡಣ್ಣ ಅನ್ನೋ ಹೆಗ್ಗಣ ಬಿಲ ಮಾಡಿಕೊಂಡಿದ್ದ. ಅವನಿಗೆ ಮದುವೆ ಮಾತುಕತೆ ನಡೀತಿತ್ತು. ಆಚೆ ಗುಡ್ಡದ ಜಾಜಿ ಅನ್ನೋ ಹೆಗ್ಗಣದ ಹುಡುಗಿ. ಗಿಡ ಅಂದರೆ ಅವಳಿಗೆ ಪ್ರಾಣ. ಅದು ಗೊತ್ತಾಗಿ ಬೊಡ್ಡಣ್ಣ ಹೇಳಿ ಕಳಿಸಿದ್ದ: "ನಮ್ಮನೆ ಮುಂದೆ ತೋಟ ಇದೆ. ತಂಪಾದ ನೆರಳಿದೆ."

ಮನೆ ಮುಂದೆ ಇದ್ದದ್ದು ಒಂದು ಕಲ್ಲು. ನ್ಯಾಯವಾಗಿ ಹೇಳಬೇಕು ಅಂದರೆ ಕಲ್ಲಿಗೂ ನೆರಳಿತ್ತು. ಬೆಳಿಗ್ಗೆ ಹೊತ್ತು ಮಾತ್ರ.

ಹೆಣ್ಣಿನ ಕಡೆಯವರು ಎಂಟು ದಿನದಲ್ಲಿ ಮನೆ ನೋಡೋಕೆ ಬರ್ತೀವಿ ಅಂದರು.

"ನಿಂಗಕ್ಕನ್ನ ಕೇಳಿದರೆ ಸಂಜೆವರೆಗೂ ಕೂರಿಸ್ತಾಳೆ" ಅಂದ ಬೊಡ್ಡಣ್ಣ ತನ್ನ ಗೆಳೆಯ ಓತಿಕ್ಯಾತನಿಗೆ. "ಅಲ್ಲದೆ ಕೇಳಿ ತಂದ ಗಿಡ ಚೆನ್ನಾಗಿ ಬರಲ್ಲ ಕಣೋ. ಕದ್ದು ತಂದಿದ್ದೇ ಬರೋದು. ನಮ್ಮಜ್ಜಿ ಹೇಳ್ತಿದ್ದಳು."

ಓತಿಕ್ಯಾತ ತಲೆ ಆಡಿಸಿತು. ಅದು ಎಲ್ಲದಕ್ಕೂ ತಲೆ ಆಡಿಸುತ್ತೆ.

ಮಾರನೇ ದಿನ ನಿಂಗಕ್ಕ ಕರಟ ಹೊತ್ತು ಇನ್ನೂ ದಾರಿಯಲ್ಲಿರುವಾಗ ಬೊಡ್ಡಣ್ಣ ಜರಿಗಿಡ ಕಿತ್ತುಕೊಂಡು ಓಡಿದ. ನಿಂಗಕ್ಕ ನೋಡಿದಳು. "ಬೊಡ್ಡಣ್ಣಾ, ಅದಕ್ಕೆ ಬಿಸಿಲು ಆಗಲ್ಲ ಕಣೋ" ಅಂತ ಕೂಗೋಕೆ ಬಾಯಿ ತೆಗೆದಳು. "ಬೊ" ಅನ್ನೋಷ್ಟರಲ್ಲಿ ಅವನು ಬಿಲ ಸೇರಿದ್ದ.

ಬಿಲದ ಮುಂದೆ ನೆಟ್ಟ ಜರಿಗಿಡ ಮರುದಿನ ಸಂಜೆಗೆ ಪೊರಕೆ ಕಡ್ಡಿ ಆಯಿತು.

"ನಿಂಗಕ್ಕ ನೋಡಿಬಿಟ್ಟಳು ಕಣೋ. ಯಾರಾದರೂ ನೋಡಿದರೆ ಕಳವು ಪೂರ್ತಿ ಆಗಲ್ಲ" ಅಂದ ಬೊಡ್ಡಣ್ಣ.

ಓತಿಕ್ಯಾತ ತಲೆ ಆಡಿಸಿತು.

ಆಮೇಲೆ ಬಣ್ಣದ ಕೆಸು ಕದ್ದ. ಅದು ಹಪ್ಪಳದ ಹಾಗೆ ಒಣಗಿತು. ನೆಲಸಂಪಿಗೆ ಕದ್ದ. ಅದು ಬೆಂದೇ ಹೋಯಿತು. ಎಂಟನೇ ದಿನ ಬಂತು. ಬೊಡ್ಡಣ್ಣ ತುಂಬ ಯೋಚನೆ ಮಾಡಿದ.

"ಈಗ ಗೊತ್ತಾಯ್ತು! ಕದಿಯೋವಾಗ ನಾನೇ ನೋಡ್ತಾ ಇದ್ದೆ. ನಾನೂ ಒಬ್ಬ ಸಾಕ್ಷಿ ತಾನೇ? ಈ ಸಲ ಕಣ್ಣು ಮುಚ್ಚಿಕೊಂಡು ಕದೀತೀನಿ."

ಓತಿಕ್ಯಾತ ಎರಡು ಸಲ ತಲೆ ಆಡಿಸಿತು.

ಅತ್ತ ಹೆಣ್ಣಿನ ಕಡೆಯವರು ಬೇಗನೇ ಹೊರಟು ಬಂದಿದ್ದರು. ಜಾಜಿ, ಅವಳ ಅಮ್ಮ, ಜೊತೆಗೆ ಸಂಬಂಧ ಕುದುರಿಸಿದ ಮುಳ್ಳುಹಂದಿ ಚೂಪಯ್ಯ. ದಾರಿಯಲ್ಲಿ ಹೊಂಗೆ ಮರದ ಹತ್ತಿರ ಬರೋ ಹೊತ್ತಿಗೆ ಬಿಸಿಲಿಗೆ ಮೂವರೂ ಬಾಡಿದ್ದರು.

"ಒಳಗೆ ಬನ್ನಿ. ಬಿಸಿಲು ಇಳೀಲಿ, ಆಮೇಲೆ ಹೋಗಿ" ಅಂತ ನಿಂಗಕ್ಕ ನೆರಳಿಗೆ ಕರೆದಳು. ಜಾಜಿ ಒಂದು ನೆಲಸಂಪಿಗೆ ಗಡ್ಡೆ ಕೇಳಿದಳು. "ಕೂತ್ಕೋ, ಹೇಳ್ತೀನಿ" ಅಂದಳು ನಿಂಗಕ್ಕ. ಅಮ್ಮ, ಮಗಳು ಕೆಸುವಿನ ಹಿಂದೆ ಕೂತು ಕೇಳತೊಡಗಿದರು. ಮುಳ್ಳುಹಂದಿಗಳಿಗೆ ಹಗಲು ನಿದ್ದೆ ಹೊತ್ತು. ಚೂಪಯ್ಯ ಜರಿಗಿಡದ ಮಧ್ಯೆ ಬೆನ್ನು ಮೇಲೆ ಮಾಡಿ ಮಲಗಿಬಿಟ್ಟ.

ಆಗ ಬೊಡ್ಡಣ್ಣ ಕಣ್ಣು ಮುಚ್ಚಿಕೊಂಡು ಬಂದ. ಬರೋವಾಗ ಮರಕ್ಕೆ ಒಂದು ಸಲ, ಕರಟಕ್ಕೆ ಒಂದು ಸಲ ಡಿಕ್ಕಿ ಹೊಡೆದ. ಗಿಡ ಆರಿಸೋಕೆ ಮಾತ್ರ ಒಂದು ಕಣ್ಣು ಅರ್ಧ ತೆರೆದ.

ಜರಿಗಿಡದ ನಡುವೆ ಕಪ್ಪು ಬಿಳುಪು ಪಟ್ಟೆ ಪಟ್ಟೆ ಕಡ್ಡಿಗಳು!

"ಅಬ್ಬಾ, ಈ ಜಾತಿ ಇಡೀ ಕಾಡಲ್ಲಿ ಇಲ್ಲ" ಅಂದುಕೊಂಡ. ಕಣ್ಣು ಮುಚ್ಚಿ, ಬಾಯಿ ತುಂಬ ಕಚ್ಚಿ, ಕಾಲು ಊರಿ ಎಳೆದ.

ಗಿಡ ಎದ್ದು ನಿಂತಿತು. ಆಮೇಲೆ ಗಿಡ ಬೈಯಿತು.

"ಯಾವನೋ ಅವನು! ಮಲಗಿದ್ದೋರ ಬೆನ್ನು ಕೀಳ್ತೀಯಾ?"

ಬೊಡ್ಡಣ್ಣನ ಮೂತಿಗೆ ಈ ಕಡೆ ಮೂರು, ಆ ಕಡೆ ಎರಡು ಮುಳ್ಳು ನೆಟ್ಟಿದ್ದವು. ಚೂಪಯ್ಯ ಹತ್ತಿರ ಬಂದು ಮುಖ ನೋಡಿದ. ಗುರುತು ಸಿಕ್ಕಿತು. ಎಷ್ಟಾದರೂ ಸಂಬಂಧ ಕುದುರಿಸಿದವನು, ಕೆಲಸ ಬಿಡೋ ಹಾಗಿಲ್ಲ.

"ಜಾಜಮ್ಮಾ" ಅಂದ, "ಇವನೇ ಕಣಮ್ಮ ಹುಡುಗ."

"ಮೀಸೆ ಜೋರಾಗಿದೆ" ಅಂದಳು ಜಾಜಿಯ ಅಮ್ಮ.

ಎಲ್ಲರೂ ಬೊಡ್ಡಣ್ಣನ ಮನೆಗೆ ಹೋದರು. ಅಲ್ಲಿ ಕಲ್ಲಿತ್ತು. ಕಲ್ಲಿನ ಪಕ್ಕ ಒಣಗಿದ ಗಿಡಗಳಿದ್ದವು. ಜಾಜಿ ಕೆಸುವಿನ ಎಲೆ ಮುಟ್ಟಿದಳು. ಅದು ಪುಡಿ ಪುಡಿ ಆಯಿತು.

"ಕೇಳಿದ್ದರೆ ನಿಂಗಕ್ಕ ಕೊಡ್ತಿರಲಿಲ್ವಾ?" ಅಂದಳು.

"ಕೊಡ್ತಿದ್ದಳು" ಅಂದ ಬೊಡ್ಡಣ್ಣ ಮುಳ್ಳುಗಳ ಮಧ್ಯದಿಂದ. "ಆದರೆ ಕೂತ್ಕೋ ಅಂತಿದ್ದಳು."

"ಒಂದು ಹೊತ್ತು ಕೂತು ಇನ್ನೊಬ್ಬರ ಮಾತು ಕೇಳೋಕೆ ಆಗದೋರು, ನಾಳೆ ನನ್ನ ಮಾತು ಕೇಳ್ತೀರಾ? ಮೊದಲು ಇಲ್ಲಿ ಒಂದು ಮರ ಬೆಳೆಸಿ. ನೆರಳು ಬಿದ್ದ ಮೇಲೆ ಮನೆ ನೋಡೋಕೆ ಬರ್ತೀನಿ."

ಅವರು ಹೊರಟುಹೋದರು. ಬೊಡ್ಡಣ್ಣ ತಲೆ ತಗ್ಗಿಸಿಕೊಂಡು ಹೊಂಗೆ ಮರದ ಹತ್ತಿರ ಬಂದ. ನಿಂಗಕ್ಕ ವಾರದ ಹಿಂದೆ ಶುರು ಮಾಡಿದ ಮಾತನ್ನ ಮುಗಿಸಿದಳು. "...ಡ್ಡಣ್ಣಾ, ಅದಕ್ಕೆ ಬಿಸಿಲು ಆಗಲ್ಲ ಕಣೋ."

ಆಮೇಲೆ ಒಂದೊಂದೇ ಮುಳ್ಳು ಕಿತ್ತು, ಕೈಗೆ ಒಂದು ಹೊಂಗೆ ಬೀಜ ಕೊಟ್ಟಳು.

"ಕೂತ್ಕೋ" ಅಂದಳು. ಬೊಡ್ಡಣ್ಣ ಕೂತ.

"ಮೊದಲು ಮಣ್ಣು" ಅಂದಳು. ಆಕಳಿಸಿದರೆ ಮೂತಿ ನೋಯುತ್ತಿತ್ತು. ಹಾಗಾಗಿ ಪೂರ್ತಿ ಕೇಳಿದ.

ಈ ಚೈತ್ರಕ್ಕೆ ಹೊಂಗೆ ಸಸಿ ಬೊಡ್ಡಣ್ಣನ ಕಿವಿ ಮಟ್ಟಕ್ಕೆ ಬಂದಿದೆ. ಅವನೇ ದಿನಾ ಕೆರೆಯಿಂದ ನೀರು ತರ್ತಾನೆ. ಸದ್ಯಕ್ಕೆ ಅದರ ನೆರಳು ಓತಿಕ್ಯಾತನಿಗೆ ಮಾತ್ರ ಸಾಲುತ್ತೆ.

"ಜಾಜಿ ಬರ್ತಾಳೆ ಅಲ್ವೇನೋ?" ಅಂತ ಬೊಡ್ಡಣ್ಣ ದಿನಾ ಕೇಳ್ತಾನೆ.

ಓತಿಕ್ಯಾತ ತಲೆ ಆಡಿಸುತ್ತೆ.

ನೀತಿ: ಕೇಳಿದರೆ ಸಿಗೋದನ್ನ ಕದ್ದು ತಂದರೆ ಗಿಡ ಮಾತ್ರ ಬರುತ್ತೆ, ಅದನ್ನ ಬೆಳೆಸೋ ಬುದ್ಧಿ ತೋಟದವರ ಹತ್ತಿರವೇ ಉಳಿಯುತ್ತೆ.