ಬಂಡೆಯ ಮೇಲಿನ ನಕ್ಷೆ

ಗುಡ್ಡದ ಇಳಿಜಾರು ತನ್ನ ಕುಲದ್ದೆಂದು ಮುಳ್ಳುಹಂದಿ ಕೇತಜ್ಜಿ, ತನ್ನದೆಂದು ಕರಡಿ ವರ್ಷಗಟ್ಟಲೆ ಜಗಳವಾಡುತ್ತಿದ್ದರು. ಅಲ್ಲಿನ ಗೆಡ್ಡೆ ತಪ್ಪಿದರೆ ಅಜ್ಜಿಯ ಮರಿಗಳಿಗೆ ಉಪವಾಸ. ಪಂಚಾಯಿತಿ ಮಾಡುವ ನರಿಗೆ ಮಾತ್ರ ಎರಡೂ ಕಡೆ ಊಟ. ಕೊನೆಗೆ ಅಜ್ಜಿ, ಮೇಲಿನಿಂದ ನೋಡಿ ನಕ್ಷೆ ಬರೆಯಲು ಹದ್ದನ್ನು ಕರೆದಳು.

"ನನ್ನ ಗವಿಯೊಳಗೆ ಬರೆ, ಮಳೆಗೆ ಅಳಿಸಿಹೋಗಲ್ಲ" ಎಂದಿತು ನರಿ.

"ಒಳಗೆ ನೀನು ತಿದ್ದಿದ್ರೆ ಯಾರು ನೋಡ್ತಾರೆ, ನರಿಯಪ್ಪ? ದಾರಿಬದಿಯ ಬಂಡೆ ಮೇಲಿರಲಿ, ಕಾಡೆಲ್ಲ ನೋಡಲಿ" ಎಂದಳು ಅಜ್ಜಿ.

ಹದ್ದು ಬರೆಯಿತು. ಅಜ್ಜಿ ಗೆಡ್ಡೆಯ ಜಾಗಗಳನ್ನೂ ಕರಡಿ ಜೇನುಮರಗಳನ್ನೂ ಅದರಲ್ಲಿ ಗುರುತಿಸಿದರು. ಇಳಿಜಾರಿನ ನಡುವೆ ಹರಿಯುವ ಹಳ್ಳದ ಒಂದು ಕಡೆ ಅಜ್ಜಿಯವು, ಇನ್ನೊಂದು ಕಡೆ ಕರಡಿಯವು; ಗುರುತುಗಳು ಒಂದಕ್ಕೊಂದು ತಾಕಲೇ ಇಲ್ಲ.

"ಅಯ್ಯೋ, ನಿನಗೆ ಬೇಕಾದ್ದು ಹಳ್ಳದ ಆಚೆಯದಾ ಅಜ್ಜಿ?" ಎಂದು ಕರಡಿ ತಲೆ ಕೆರೆದುಕೊಂಡಿತು.

"ಮುಂದೆ ಜಗಳವಾದ್ರೆ ನನ್ನನ್ನ ಕರೀತೀರಲ್ಲ?" ಎಂದು ನರಿ ಕೇಳಿತು.

ಅಜ್ಜಿ ಮುಳ್ಳು ನಿಗುರಿಸಿ ನಿಂತಳು. "ನಮ್ಮ ನೆಲ ತೋರಿಸೋಕೆ ಇನ್ನು ನಾವೇ ಸಾಕು."