ಮಧ್ಯಾಹ್ನದ ಪಾನಕ

ನಮ್ಮೂರ ರಾಮೋತ್ಸವದಲ್ಲಿ ಸಂಜೆಯ ಕಚೇರಿ ಎಂದೆಂದೂ ಹಳೆಯ ವಿದ್ವಾಂಸರದ್ದೇ. ಹೊಸದಾಗಿ ಹಾಡಲು ಬಂದ ವಾರಿಜಳಿಗೆ ಅಧ್ಯಕ್ಷ ಶೇಷಗಿರಿರಾಯರು ಸುಡುವ ಮಧ್ಯಾಹ್ನ ಕೊಟ್ಟರು.

"ಹೊಸಬರನ್ನ ಯಾರಮ್ಮ ಕೇಳ್ತಾರೆ? ಜನ ಕೂತು ಕೇಳಿದರೆ ಮುಂದಿನ ವರ್ಷ ಸಂಜೆ ಕೊಡೋಣ. ಇಲ್ಲದಿದ್ದರೆ ಈ ಕಡೆ ತಲೆ ಹಾಕಬೇಡ."

ಹೊಸ ಕಂಠ ರಾಮನಿಗೆ ರುಚಿಸದು ಎಂದು ಯಾವ ಶಾಸ್ತ್ರ ಹೇಳಿದೆಯೋ ಕಾಣೆ!

ಪಾನಕ ಮಾಡುವ ನಂಜಮ್ಮನಿಗೆ ಮೈ ಉರಿಯಿತು. ಸಂಜೆ ಹಂಚಬೇಕಾದ ಪಾನಕವನ್ನು ಮಧ್ಯಾಹ್ನವೇ ನೈವೇದ್ಯ ಮಾಡಿಸಿ, ವಾರಿಜ ಹಾಡತೊಡಗಿದ ಕೂಡಲೇ ಹಂಚಿದಳು. ಚಪ್ಪರ ತುಂಬಿತು.

ರಾಯರು ಕೆಂಡವಾಗಿ ಬಂದರು. "ಏನೇ ನಂಜಮ್ಮ, ಇವರೆಲ್ಲ ಪಾನಕಕ್ಕೆ ಬಂದವರು!"

"ಹೌದು ರಾಯರೇ. ಪ್ರತಿ ವರ್ಷ ಸಂಜೆ ಬರೋರೂ ಇವರೇ. ಲೋಟ ಖಾಲಿಯಾದರೆ ಎದ್ದು ಹೋಗ್ತಾರೆ, ವಿದ್ವಾಂಸರು ಬರೀ ಚಾಪೆಗೆ ಹಾಡ್ತಾರೆ. ಈವತ್ತು ಹಂಡೆ ಬರಿದಾಗಿ ಎಷ್ಟು ಹೊತ್ತಾಯ್ತು, ನೋಡಿ."

ರಾಯರು ತಿರುಗಿ ನೋಡಿದರು. ಒಬ್ಬರೂ ಎದ್ದಿರಲಿಲ್ಲ. ಏನೋ ಹೇಳಲು ಬಾಯಿ ತೆರೆದರು. ಮುಂದಿನ ಸಾಲಿನಲ್ಲಿ ತಾಳ ಹಾಕುತ್ತಿದ್ದ ಅವರ ಹೆಂಡತಿಯೇ ಗದರಿದರು:

"ಮುಂದಿನ ವರ್ಷದ ಸಂಜೆ ಕೊಟ್ಟೆ ಅಂತ ಹಾಡು ಮುಗಿದ ಮೇಲೆ ಹೇಳುವಿರಂತೆ. ಈಗ ಸುಮ್ಮನೆ ಕೂತ್ಕೊಳ್ಳಿ!"