ಹೋಳಿಗೆ ತಿಂದ ಮೇಲೆ ಕನ್ಸಲ್ಟ್

ಚಿಕ್ಕಗಿರಿಯ ದೊರೆ ಕೆಂಚರಾಯರಿಗೆ ಇಂಗ್ಲಿಷ್ ಹುಚ್ಚು ಹಿಡಿಯಿತು. ‘ಕನ್ಸಲ್ಟ್ ಮಾಡುವುದು ಅಂದರೆ ತೀರ್ಮಾನಕ್ಕೆ ಮುಂಚೆ ಸಂಬಂಧಪಟ್ಟವರ ಅಭಿಪ್ರಾಯ ಕೇಳುವುದು, ಪ್ರಭು’ ಎಂದು ಮೇಷ್ಟ್ರು ಕಲಿಸಿದರು. ದೊರೆ ಪದವನ್ನು ಗಟ್ಟಿಯಾಗಿ ಹಿಡಿದುಕೊಂಡರು, ಅರ್ಥವನ್ನು ಮೇಷ್ಟ್ರ ಬಳಿಯೇ ಬಿಟ್ಟರು.

“ಕನ್ಸಲ್ಟ್ ಮಾಡದೆ ನಾನು ಏನೂ ಮಾಡುವುದಿಲ್ಲ!” ಎಂದು ಮೀಸೆ ತಿರುವಿದರು.

ಅದೇ ವಾರ ಕುಂಬಾರ ಕೇರಿಯ ಮುದ್ದಕ್ಕನಿಗೆ ಅರಮನೆಯಿಂದ ಕರೆ ಬಂತು. ಕುಂಬಾರರು ಮಣ್ಣು ತೆಗೆಯುವ ಕೆರೆಯಂಗಳದಲ್ಲಿ ದೊರೆಗೆ ಟೆನಿಸ್ ಮೈದಾನ ಆಗಬೇಕಿತ್ತು. ಗೂಟ ಆಗಲೇ ಹೊಡೆದಾಗಿತ್ತು. ಮರುದಿನ ಬೆಳಗ್ಗೆಯೇ ಕೆಲಸ ಶುರು.

“ಹೇಳು ಮುದ್ದಕ್ಕ, ನಿನ್ನನ್ನು ಕನ್ಸಲ್ಟ್ ಮಾಡುತ್ತಿದ್ದೇನೆ.”

“ಆ ಮಣ್ಣು ಹೋದ್ರೆ ನಾವು ಊರು ಬಿಟ್ಟೇ ಹೋಗ್ಬೇಕು, ಬುದ್ಧಿ.”

“ಭೇಷ್, ಕನ್ಸಲ್ಟ್ ಮುಗಿಯಿತು. ಹೋಗಿ ಬಾ.”

ಮುದ್ದಕ್ಕ ಹೊರಗಿನ ಜಗಲಿಯಲ್ಲಿ ಕುಸಿದು ಕೂತಳು. ಒಳಗಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಸಿಂಗಪ್ಪಯ್ಯನಿಗೆ ಅದನ್ನು ಕಂಡು ಸಂಕಟವಾಯಿತು. ಈ ಸಿಂಗಪ್ಪಯ್ಯ ಅರಮನೆಯಲ್ಲಿ ರುಚಿ ನೋಡುವವನು. ದೊರೆಯ ಊಟ ಮೊದಲು ಅವನ ನಾಲಿಗೆಗೆ ಬರಬೇಕು. ವಿಷವಿದ್ದರೆ ಅವನು ಸಾಯಬೇಕು, ಉಪ್ಪು ಹೆಚ್ಚಿದ್ದರೆ ಅಡುಗೆಯವನು. ಅವನು ತಲೆಯಾಡಿಸುವ ತನಕ ದೊರೆಯೂ ತಟ್ಟೆಗೆ ಕೈ ಹಾಕುವಂತಿಲ್ಲ, ಅದು ಅಜ್ಜನ ಕಾಲದ ಕಟ್ಟಳೆ.

ಮಧ್ಯಾಹ್ನ ದೊರೆಗೆ ಪ್ರಾಣವಾದ ಬೇಳೆ ಹೋಳಿಗೆ ಬಂತು. ಸಿಂಗಪ್ಪಯ್ಯ ಒಂದು ಚೂರು ಮುರಿದು ಬಾಯಿಗಿಟ್ಟ. ಹುಬ್ಬು ಗಂಟಿಕ್ಕಿದ. ಇನ್ನೊಂದು ಚೂರು. ಆಮೇಲೆ ಇಡೀ ಹೋಳಿಗೆ. ತುಪ್ಪದ ಬಟ್ಟಲಿನಲ್ಲಿ ಅದ್ದಿ ಮತ್ತೊಂದು.

“ಏನೋ ಅದು?” ದೊರೆ ಕೇಳಿದರು.

“ಅನುಮಾನ ಇನ್ನೂ ಹೋಗಿಲ್ಲ, ಪ್ರಭು.”

ತಟ್ಟೆ ಖಾಲಿಯಾಯಿತು. ಬಟ್ಟಲನ್ನೂ ಬೆರಳಲ್ಲಿ ಬಳಿದು ನೆಕ್ಕಿ, ತೇಗಿ, ಸಿಂಗಪ್ಪಯ್ಯ ಕೈಮುಗಿದ.

“ತಮ್ಮನ್ನು ಕನ್ಸಲ್ಟ್ ಮಾಡಬೇಕಿತ್ತು, ಪ್ರಭು. ತಮ್ಮ ಪಾಲಿನ ಹೋಳಿಗೆಯನ್ನು ನಾನು ತಿನ್ನಬಹುದೇ?”

ದೊರೆ ಎದ್ದೇ ನಿಂತರು. “ಕತ್ತೆ! ತಿಂದು ತೇಗಿದ ಮೇಲೆ ಕೇಳುವುದು ಎಂಥ ಕನ್ಸಲ್ಟೋ? ಮೊದಲು ಕೇಳಬೇಕು. ನಾನು ಬೇಡ ಅಂದರೆ ಕೈ ಹಿಂದಕ್ಕೆ ತೆಗೆಯಬೇಕು!”

“ಆಹಾ! ಮೇಷ್ಟ್ರಿಗಿಂತ ಚೆನ್ನಾಗಿ ಬಿಡಿಸಿ ಹೇಳಿದಿರಿ, ಪ್ರಭು. ಮುದ್ದಕ್ಕ ಇನ್ನೂ ಜಗಲಿಯಲ್ಲೇ ಇದ್ದಾಳೆ. ಅವಳ ತಟ್ಟೆ ಖಾಲಿಯಾಗುವುದು ನಾಳೆ ಬೆಳಗ್ಗೆ.”

ದೊರೆ ಮತ್ತೆ ಕೂತರು. ಖಾಲಿ ತಟ್ಟೆ ನೋಡಿದರು, ಸಿಂಗಪ್ಪಯ್ಯನ ಹೊಟ್ಟೆ ನೋಡಿದರು. ಆಮೇಲೆ ನಗು ತಡೆಯಲಾಗಲಿಲ್ಲ.

ಮುದ್ದಕ್ಕನನ್ನು ಒಳಗೆ ಕರೆಸಿದರು. “ಮೈದಾನ ಮಾಡಲೇ, ಬೇಡವೇ?” ಎಂದು ಹೊಸದಾಗಿ ಕೇಳಿದರು.

“ಬ್ಯಾಡ ಬುದ್ಧಿ,” ಎಂದಳು ಅವಳು, ದೊರೆ ಬಾಯಿ ಮುಚ್ಚುವ ಮೊದಲೇ. ಸಂಜೆಯೊಳಗೆ ಗೂಟಗಳೆಲ್ಲ ಕಿತ್ತುಬಂದು ಅವಳ ಮಡಕೆ ಸುಡುವ ಆವಿಗೆಗೆ ಸೌದೆಯಾದವು.

ರಾತ್ರಿ ಊಟಕ್ಕೆ ಮತ್ತೆ ಹೋಳಿಗೆ ಬಂತು. ದೊರೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಸಿಂಗಪ್ಪಯ್ಯ, ನಿನ್ನನ್ನು ಈ ಕೆಲಸದಿಂದ ತೆಗೆಯಬೇಕು ಅಂತ ಯೋಚನೆ. ಇನ್ನೂ ತೀರ್ಮಾನ ಮಾಡಿಲ್ಲ. ನಿನ್ನ ಅಭಿಪ್ರಾಯವೇನು?”

“ಈಗ ಬಂತು ನೋಡಿ ಇಂಗ್ಲಿಷ್!” ಎಂದ ಸಿಂಗಪ್ಪಯ್ಯ. “ಬೇಡ, ಪ್ರಭು.”